ವಿಮಾನದ ಪಾಲಿನ ಹಾಲು

ನನ್ನ ವಿಮಾನದ ಮೂತಿಗೆ ಪಂಖ ಇತ್ತು. ಅದೊಂದೇ ಅದರ ದೋಷ. ಮಿಕ್ಕಂತೆ ಅದು ಒಂದು ದಿನವೂ ನನ್ನ ಕೈಬಿಟ್ಟದ್ದಿಲ್ಲ. ಪುಣೆಯ ವಿಮಾನ ನಿಲ್ದಾಣದಲ್ಲಿ ಖಾಸಗಿ ವಿಮಾನದವರು ಕೂತು ಚಹಾ ಕುಡಿಯುವ ಕೋಣೆಯೊಂದಿದೆ. ಅಲ್ಲಿ ಒಬ್ಬ ಕಾರ್ಖಾನೆ ಮಾಲೀಕರು ಸಿಕ್ಕಾಗಲೆಲ್ಲ ನನ್ನ ಬೆನ್ನು ತಟ್ಟಿ, "ಅಜೂನ್ ಪಂಖಾಚ್ ಕಾ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಇನ್ನೂ ಪಂಖವೇನಾ ಎಂದು. ಅವರದು ಜೆಟ್. ನಾನೂ ಅವರ ಜೊತೆ ನಗುತ್ತಿದ್ದೆ. ಕಾರಿನಲ್ಲಿ ಕೋಥರೂಡದ ಮನೆ ಮುಟ್ಟುವಷ್ಟರಲ್ಲಿ ನಗು ಹೋಗಿ ಹೊಟ್ಟೆಕಿಚ್ಚು ಮಾತ್ರ ಉಳಿದಿರುತ್ತಿತ್ತು.

ಧಾರವಾಡದಿಂದ ಬಂದು ಪುಣೆ ಹತ್ತಿರದ ಕುರಕುಂಭದಲ್ಲಿ ರಾಸಾಯನಿಕದ ಕಾರ್ಖಾನೆ ಹಾಕಿದವನಿಗೆ ವಿಮಾನವೇ ಅತಿಯಾಯಿತು ಎಂದು ನನ್ನ ಹೆಂಡತಿ ಮೊದಲಿನಿಂದ ಹೇಳುತ್ತ ಬಂದಿದ್ದಾಳೆ. ಸೈಕಲ್ಲಿಗೆ ಹೊಸ ಗಂಟೆ ಹಾಕಿಸುವುದನ್ನೂ ದುಂದು ಎನ್ನುತ್ತಿದ್ದವರ ಮಗ ನಾನು. ಜೆಟ್ ಯಾಕೆ ಎಂದು ಕೇಳಿದವರಿಗೆ ಕೊಡಲು ನನ್ನ ಬಳಿ ಕಾರಣಗಳಿದ್ದವು: ದೆಹಲಿಗೆ ಬೇಗ ಮುಟ್ಟುತ್ತದೆ, ಮಳೆಗಾಲದ ಮೋಡಗಳ ಮೇಲೆ ಹಾರುತ್ತದೆ, ಒಂದರ ಬದಲು ಎರಡು ಎಂಜಿನ್. ಎಲ್ಲ ನಿಜವೇ. ಆದರೆ ಆ ಚಹಾ ಕೋಣೆಯಲ್ಲಿ ಆ ಮನುಷ್ಯನ ಮೋರೆ ಒಮ್ಮೆ ನೋಡಬೇಕು ಎಂಬ ಆಸೆ ಅವೆಲ್ಲಕ್ಕಿಂತ ನಿಜ.

ಇನ್ನು ಅಕ್ಕನ ಮಾತು. ನನಗೆ ಇರುವವಳು ಒಬ್ಬಳೇ ಅಕ್ಕ. ಕೃಷ್ಣಾ ತೀರದ ಒಂದು ಸಕ್ಕರೆ ಕಾರ್ಖಾನೆಯ ಪಕ್ಕದ ಊರಿಗೆ ಅವಳನ್ನು ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ಅವಳ ಬೆನ್ನುಮೂಳೆಯ ಆಪರೇಷನ್ ಆಯಿತು. ಅಂದಿನಿಂದ ಹೆಚ್ಚು ಹೊತ್ತು ಕೂರುವಂತಿಲ್ಲ, ನಿಲ್ಲುವಂತಿಲ್ಲ, ಗುಂಡಿ ಬಿದ್ದ ರಸ್ತೆಯ ಹೆಸರೆತ್ತುವಂತಿಲ್ಲ. ಆದರೆ ಆ ಕಾರ್ಖಾನೆಗೆ ಸ್ವಂತದ್ದೊಂದು ಏರ್‌ಸ್ಟ್ರಿಪ್ ಇದೆ. ಊರಿನವರು ಅದಕ್ಕೆ ಪಟ್ಟಿ ಅನ್ನುತ್ತಾರೆ. ಕಬ್ಬಿನ ಗದ್ದೆಗಳ ನಡುವಿನ ಗಿಡ್ಡ ಡಾಂಬರು ಪಟ್ಟಿ, ಅಕ್ಕನ ಮನೆಯಿಂದ ಕೂಗಳತೆಯಲ್ಲಿ. ಪಂಖದ ವಿಮಾನ ಅಲ್ಲಿ ಆರಾಮಾಗಿ ಇಳಿಯುತ್ತಿತ್ತು. ಪ್ರತಿ ವರ್ಷ ನಾಗರ ಪಂಚಮಿಗೆ ನಾನು ಒಳಗಿನ ಎರಡು ಸೀಟು ತೆಗೆಸಿ, ಗಾದಿ ಹಾಸಿ, ಬಿಗಿಯುವ ಪಟ್ಟೆ ಕೂಡಿಸಿ, ಅಕ್ಕನನ್ನು ಮಲಗಿಸಿಕೊಂಡು ಪುಣೆಗೆ ಕರೆತರುತ್ತಿದ್ದೆ.

ನಾನೇ ಅಲ್ಲಿಗೆ ಹೋಗಿ ಬರಬಹುದಲ್ಲ ಎನ್ನಬಹುದು. ನಮ್ಮ ಕಡೆಯವರು ಹಾಗೆ ಅನ್ನುವುದಿಲ್ಲ. ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಕರೆದುಕೊಂಡೇ ಬರಬೇಕು. ಕರೆಯಲು ಯಾರೂ ಬಾರದ ಹೆಣ್ಣುಮಗಳು ಆ ದಿನ ಬಾಗಿಲಲ್ಲಿ ನಿಲ್ಲುವುದಿಲ್ಲ, ಓಣಿಯವರು ಕೇಳುತ್ತಾರೆ ಎಂದು. ಅವ್ವ ಅಪ್ಪ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನಾನು, ಕೋಥರೂಡದ ನನ್ನ ಮನೆ.

ಜೆಟ್ ತೋರಿಸಲು ಬಂದ ದಲ್ಲಾಳಿ ಮುಂಬಯಿಯ ಹುಡುಗ, ಬಹಳ ಚುರುಕು. ಒಳಗಿನ ತೊಗಲಿನ ಸೀಟುಗಳ ಚಿತ್ರ ತೋರಿಸುತ್ತಿದ್ದ. ನಾನು ಏನೋ ಸಣ್ಣ ವಿಷಯ ಕೇಳುವವನಂತೆ ಅಕ್ಕನ ಊರಿನ ಪಟ್ಟಿಯ ಫೋಟೋ ಮುಂದಿಟ್ಟು, ಇಲ್ಲಿ ಇಳಿಯುತ್ತದೆಯೇ ಎಂದೆ. ಅವನು ನಕ್ಕ. "ಗನ್ನೇ ಕೇ ಖೇತ್ ಮೇಂ ಜೆಟ್? ನಹೀಂ ಸರ್." ಕಬ್ಬಿನ ಗದ್ದೆಯಲ್ಲಿ ಜೆಟ್ ಇಳಿಸುವುದುಂಟೇ! ನಾನೂ ನಕ್ಕು ಮುಂದಿನ ಚಿತ್ರ ತೋರಿಸು ಎಂದೆ. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗೆ ಅಂದೇ ಮುಚ್ಚಿತು.

ಆ ಸಂಜೆ ಊಟದ ಮೇಜಿನಲ್ಲಿ ಇದನ್ನು ಮಾರಿ ಜೆಟ್ ಕೊಳ್ಳುವ ವಿಷಯ ತೆಗೆದೆ. ಹೆಂಡತಿ ಮೊದಲು ಕೇಳಿದ್ದೇ, "ಮತ್ತ ಅಕ್ಕಾರು ಹೆಂಗ ಬರ್ತಾರ?" ಹೆಲಿಕಾಪ್ಟರಿನ ನಡುಕ ಅಕ್ಕನ ಬೆನ್ನಿಗೆ ಆಗದು. ಬಾಡಿಗೆ ವಿಮಾನದವರು ಆ ಪಟ್ಟಿಯ ಹೆಸರು ಕೇಳಿದರೇ ಆಗೋದಿಲ್ಲ ಎನ್ನುತ್ತಾರೆ. ಬೆಳಗಾವಿಗೆ ಬಂದು ಜೆಟ್ ಹತ್ತಬೇಕೆಂದರೂ ಮೊದಲು ಅದೇ ಗುಂಡಿಗಳ ರಸ್ತೆ. ಮಗ ಫೋನಿನಿಂದ ತಲೆ ಎತ್ತಿ, "ಪಪ್ಪಾ, ಛಲೋ ಆಂಬುಲೆನ್ಸ್ ಕಳಸೋಣ. ಒಳಗ ಎಲ್ಲಾ ಸೌಕರ್ಯ ಇರ್ತಾವ" ಎಂದ.

"ಪಂಚಮಿಗೆ ಕರೀಲಿಕ್ಕೆ ಆಂಬುಲೆನ್ಸ್ ಕಳಸ್ತೀರೇನು?" ಎಂದು ಹೆಂಡತಿ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. "ಅದು ಬಾಗಲಾಗ ನಿಂತರ ಓಣಿ ಮಂದಿ ಏನಂದ್ಕೋಬೇಕು?"

ನಾನು ಸಿಡುಕಿದೆ. ವರ್ಷಕ್ಕೊಮ್ಮೆ ಬರುವ ಹಬ್ಬಕ್ಕಾಗಿ ಇಡೀ ವಿಮಾನ ಇಟ್ಟುಕೊಳ್ಳುತ್ತಾರೇನು ಎಂದು ಕೂಗಾಡಿದೆ. ತಪ್ಪು ನನ್ನ ಕಡೆ ಇದ್ದಾಗ ನನ್ನ ದನಿ ಯಾವಾಗಲೂ ಏರುತ್ತದೆ.

ಪಂಖದ ವಿಮಾನ ಕೊಳ್ಳುವವರು ಹೈದರಾಬಾದಿನವರು. ಆಷಾಢದಲ್ಲಿ ಬಂದು ಎಂಜಿನ್ ಬಿಚ್ಚಿಸಿ ನೋಡಿ, ಒಂದು ಸುತ್ತು ಹಾರಿ, ಒಪ್ಪಿದರು. ಹಬ್ಬ ಮುಗಿದ ಮೇಲೆ ಒಯ್ಯಿರಿ ಎಂದು ನಾನು ಹೇಳಿದ್ದಕ್ಕೂ ಹೂಂ ಅಂದರು. ಈ ಒಂದು ಪಂಚಮಿ ಉಳಿಸಿಕೊಟ್ಟೆ ಎಂದು ನನಗೇ ನಾನು ಶಾಭಾಸ್ ಹೇಳಿಕೊಂಡೆ. ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಕರೆಯಲು ಹೋಗುವ ದಿನ, ಶ್ರಾವಣದ ಮೋಡ ತುಸು ಮೇಲೇರುವವರೆಗೆ ವಿಮಾನದ ಕ್ಯಾಪ್ಟನ್ ಹೊರಡಲು ಬಿಡಲಿಲ್ಲ. ಅಕ್ಕನ ಪಟ್ಟಿಯಲ್ಲಿ ಇಳಿದಾಗ ಹೊತ್ತು ಏರಿತ್ತು. ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು, ನಡುಪಟ್ಟಿ ಬಿಗಿದುಕೊಂಡು, ಉಂಡಿಯ ಡಬ್ಬಿಗಳ ನಡುವೆ ಕುರ್ಚಿಯ ಮೇಲೆ ಕೂತಿದ್ದಳು. ಸುತ್ತ ಓಣಿಯ ಹೆಂಗಸರು. "ತಡಾ ಆತು ಅಂತ ಅಂಜಿದ್ದೆ ನೋಡ್" ಎಂದಳು. ಆ ಹೆಂಗಸರ ಎದುರು ತಮ್ಮ ಬಂದೇ ಬಂದ ಎನ್ನುವ ಗತ್ತು ಅವಳ ಮುಖದಲ್ಲಿ ಕಾಣುತ್ತಿತ್ತು. ಒಳಗೆ ಗಾದಿಯ ಮೇಲೆ ಮಲಗಿದ ಮೇಲೆ ನನ್ನ ಕೈ ಹಿಡಿದುಕೊಂಡು, ಕಿಟಕಿಯಾಚೆಯ ಮೋಡ ನೋಡುತ್ತ ಅಂದಳು:

"ಆಪರೇಷನ್ ಆದ ವರ್ಷ ನಾ ಅತ್ತದ್ದು ನೋವಿಗೆ ಅಲ್ಲೋ. ಇನ್ನ ತವರಿಗೆ ಹೋಗೂದು ಮುಗೀತು ಅಂತ ಅತ್ತಿದ್ದೆ. ಈ ವಿಮಾನ ಅದ ಅಂತ ನಂಗ ತವರು ಅದ."

ಆಗಲೇ ಹೇಳಬೇಕಿತ್ತು. ನಾನು ಅವಳಿಗೆ ನೀರು ಬೇಕೇನು ಎಂದು ಕೇಳಿದೆ.

ಪಂಚಮಿಯ ಬೆಳಿಗ್ಗೆ ದೇವರ ಕೋಣೆಯಲ್ಲಿ ಮಣೆಯ ಮೇಲೆ ಮಣ್ಣಿನ ನಾಗಪ್ಪ ಇಟ್ಟು ಹಾಲೆರೆಯಲು ಕೂತೆವು. ಅಕ್ಕನಿಗೆ ನೆಲದ ಮೇಲೆ ಕೂರಲಾಗದೆಂದು ಸ್ಟೂಲು ಹಾಕಿದ್ದೆವು. ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಪಾಲು ಎತ್ತಿ ಹೇಳುತ್ತಾರೆ, ಮನೆಯಲ್ಲಿ ಯಾರೊಬ್ಬರೂ ತಪ್ಪಬಾರದು. ಅಕ್ಕ ಒಣಕೊಬ್ಬರಿ ಬಟ್ಟಲಿನಿಂದ ಹನಿಹನಿಯಾಗಿ ಬಿಡುತ್ತ ಹೋದಳು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. ತಮ್ಮನ ಪಾಲು ಎಂದಳು, ನನ್ನ ಹೆಂಡತಿಯದು, ಮಗನದು ಹೇಳಿದಳು. ಮುಗಿಯಿತು ಎಂದು ನಾವು ಕೈಮುಗಿಯುವಷ್ಟರಲ್ಲಿ ಬಟ್ಟಲನ್ನು ಮತ್ತೆ ಹಾಲಿನಲ್ಲಿ ಅದ್ದಿ, "ವಿಮಾನದ ಪಾಲು" ಎಂದಳು.

ಮಗ ಗೋಡೆ ನೋಡಿದ. ಹೆಂಡತಿ ನನ್ನನ್ನೇ ನೋಡಿದಳು. ಅಕ್ಕ ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ನೀನೂ ಎರಿ. ನಿಂದಽ ಅಲ್ಲೇನು ಅದು" ಎಂದಳು. ನಾನು ಎರೆದೆ. ಮಾರಿದ ವಿಮಾನಕ್ಕೆ ಆಯುಷ್ಯ ಬೇಡಿ ಹಾಲೆರೆದ ಪಾಪಿ ಈ ಪುಣೆಯಲ್ಲಿ ನಾನೊಬ್ಬನೇ ಇರಬೇಕು.

ಹಬ್ಬ ಮುಗಿಸಿ ಅಕ್ಕನನ್ನು ಬಿಡಲು ಹೊರಟಾಗ, "ಇಳಿಯೂದ್ರಾಗ ಹೇಳ್ರಿ. ಇಲ್ಲಂದ್ರ ನಾನಽ ಫೋನ್ ಮಾಡಿ ಹೇಳ್ತೀನಿ" ಎಂದು ಹೆಂಡತಿ ತಾಕೀತು ಮಾಡಿ ಕಳಿಸಿದಳು. ವಿಮಾನ ಪಟ್ಟಿಗೆ ಇಳಿದು, ಪಂಖ ನಿಂತ ಮೇಲೆ ಧೈರ್ಯ ತಂದುಕೊಂಡೆ. "ಅಕ್ಕಾ, ಇದನ್ನ ಮಾರೀನಿ. ನಾಳೆ ಹೈದರಾಬಾದಿಗೆ ಹೋಗ್ತದ."

ಅವಳ ಮುಖ ಬಿಳಿಚಿಕೊಂಡಿತು. ಅದನ್ನು ನೋಡಲಾರದೆ ನಾನು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಜೆಟ್ ತಗೋಳಾಕತ್ತೀನಿ. ಇದಕ್ಕಿಂತ ದೊಡ್ಡದು." ಅಲ್ಲಿಗೆ ನಿಲ್ಲಬಾರದಿತ್ತು, ಆದರೆ ನಿಂತೆ. ಇನ್ನೊಂದು ಮಾತು ಬಾಕಿ ಇತ್ತು, ಅದು ಇಲ್ಲಿ ಇಳಿಯುವುದಿಲ್ಲ ಎಂಬ ಮಾತು. ಅಷ್ಟರಲ್ಲಿ ಅಕ್ಕನ ಮುಖ ಅರಳಿಬಿಟ್ಟಿತ್ತು. ನನ್ನ ಗದ್ದ ಹಿಡಿದು, "ಹುಚ್ಚಪ್ಪಾ, ಇದನ್ನ ಹೇಳಾಕ ಇಷ್ಟ್ಯಾಕ ಮಾರಿ ಸಣ್ಣ ಮಾಡೀಯೋ" ಎಂದಳು. ಕೆಳಗೆ ಕಾಯುತ್ತಿದ್ದ ಹೆಂಗಸರಿಗೆ ಬಾಗಿಲಿನಿಂದಲೇ ಕೂಗಿ ಹೇಳಿದಳು. "ಬರೋ ಪಂಚಮಿಗೆ ನನ್ನ ತಮ್ಮ ಜೆಟ್ ತರ್ತಾನ ನೋಡ್ರೆ, ಜೆಟ್!" ಅವರ ಎದುರು ನಾನು ಅವಳನ್ನು ತಿದ್ದಲಿಲ್ಲ. ಮನೆಗೆ ಬಂದು ಹೆಂಡತಿಗೆ, ಅಕ್ಕನಿಗೆ ಹೇಳಿದೆ ಎಂದೆ. ಅದೂ ಅರ್ಧ ಸುಳ್ಳು.

ಪಂಖದ ವಿಮಾನ ಹೋಯಿತು. ಜೆಟ್ಟಿನ ಮಾತು ಇನ್ನೂ ನಡೆಯುತ್ತಲೇ ಇದೆ. ದಲ್ಲಾಳಿ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ನಾನು ನೋಡೋಣ ಎನ್ನುತ್ತೇನೆ. ಬೇಕು ಎನ್ನಲು ನಾಚಿಕೆ, ಬೇಡ ಎನ್ನಲು ಆಸೆ ಬಿಡುವುದಿಲ್ಲ. ಅಕ್ಕನಿಗೆ ನಿಜ ಹೇಳಲು ದಸರೆಗೆ ಹೋಗೋಣ ಎಂದುಕೊಂಡೆ, ಹೋಗಲಿಲ್ಲ. ದೀಪಾವಳಿಯೂ ಕಳೆಯಿತು.

ಮೊನ್ನೆ ಅವಳದೇ ಫೋನ್ ಬಂತು. ದನಿಯಲ್ಲಿ ಭಾರಿ ಹುರುಪು. "ತಮ್ಮಾ, ಕಾರ್ಖಾನೆ ಮಂದೀಗೆ ಬೆನ್ನು ಹತ್ತಿ ಪಟ್ಟಿ ತುದೀಗಿದ್ದ ಜಾಲಿಕಂಟಿ ಎಲ್ಲಾ ಕಡಿಸೇನಿ. ನಿಂದು ದೊಡ್ಡದಲ್ಲೇನು, ಜಾಗಾ ಬೇಕಾಗ್ತದ. ನಾನಽ ಹೋಗಿ ನಿಂತು ಮಾಡಿಸ್ದೆ."

"ನಿಂದರಬ್ಯಾಡ ಅಂದಾರಲ್ಲ ಡಾಕ್ಟರು ನಿನಗ" ಎಂದೆ.

"ಸ್ವಲ್ಪ ಹೊತ್ತು ನಿಂತೆ, ಏನಾಗೂದಿಲ್ಲ ಬಿಡು. ಈಗ ಭಾಳ ಉದ್ದ ಕಾಣ್ತದ. ಸಾಲ್ತದಿಲ್ಲೋ ನಿನ್ನ ಜೆಟ್ಟಿಗೆ?"

"ಸಾಲ್ತದ ಅಕ್ಕಾ" ಎಂದೆ.