ಹದಿನೈದರ ಗೆರೆ

ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳನ್ನು ಯಾರೂ ಏನೂ ಕೇಳುವುದಿಲ್ಲ. ಮಂಗಳೂರಿನ ಪಡೀಲಿನಲ್ಲಿರುವ ನನ್ನ ಫ್ಲ್ಯಾಟಿನ ಬಾಗಿಲು ತಟ್ಟುವವರು ಮೀನಿನವಳು ಮತ್ತು ಗ್ಯಾಸಿನವನು. ಇಬ್ಬರಿಗೂ ಅಮೆರಿಕದ ಅಧ್ಯಕ್ಷರ ಆಯ್ಕೆಯಿಂದ ಆಗಬೇಕಾದ್ದೇನಿಲ್ಲ. ಹಾಗಾಗಿ ಅಲ್ಲಿ ಪಕ್ಷಗಳು ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಗಳು ನಡೆಯುವ ತಿಂಗಳುಗಳಲ್ಲಿ ನಾನು ಟಿವಿಯ ಎದುರು ಕೂತು ಗೋಡೆಗೇ ಪಾಠ ಮಾಡುತ್ತೇನೆ. ಹುಚ್ಚು ಅನ್ನಿ, ಬೇಸರವಿಲ್ಲ.

ಆ ವರ್ಷ ಒಬ್ಬ ವಿದ್ಯಾರ್ಥಿ ಸಿಕ್ಕಿದ. ಅಮ್ಮನ ತಂಗಿಯ ಮಗಳ ಮಗ, ನಮ್ಮ ಕುಟುಂಬದ ದೈವದ ಕೆಲಸ ನೋಡಿಕೊಳ್ಳುವ ಸಮಿತಿಯ ಕಾರ್ಯದರ್ಶಿ. ಒಂದು ಭಾನುವಾರ ಬಂದವನೇ ಕೇಳಿದ: "ದೊಡ್ಡಮ್ಮ, ಅಲ್ಲಿ ಡೆಲಿಗೇಟ್ಸ್ ಹಂಚುದು ಹೇಗೆ? ಎಂತ ಲೆಕ್ಕ ಮಾರ್ರೆ ಅದು?"

ಅಬ್ಬಾ, ಕೊನೆಗೂ ಹಿತ್ತಲ ಗಿಡ ಮದ್ದಾಯಿತು! ಬಂಗುಡೆ ಸಾರು, ನೀರುದೋಸೆ ಬಡಿಸುತ್ತ ಹೇಳಿದೆ. ಜನ ಮತ ಹಾಕುತ್ತಾರೆ; ಆದರೆ ಪಕ್ಷದ ಮಹಾಸಭೆಯಲ್ಲಿ ಅಭ್ಯರ್ಥಿಯನ್ನು ಆರಿಸುವವರು ಪ್ರತಿನಿಧಿಗಳು. ಒಂದು ಪಕ್ಷದಲ್ಲಿ ಬಿದ್ದ ಮತಕ್ಕೆ ತಕ್ಕಷ್ಟು ಪ್ರತಿನಿಧಿಗಳು ಸಿಗುತ್ತಾರೆ, ಆದರೆ ನೂರಕ್ಕೆ ಹದಿನೈದು ಮತ ಸಿಗದವನಿಗೆ ಸೊನ್ನೆ. ಇನ್ನೊಂದು ಪಕ್ಷದಲ್ಲಿ, ಹಲವು ರಾಜ್ಯಗಳಲ್ಲಿ, ಗೆದ್ದವನೇ ಎಲ್ಲವನ್ನೂ ಬಾಚಿಕೊಳ್ಳುತ್ತಾನೆ. ಮತಪೆಟ್ಟಿಗೆಯ ಬದಲು ಸಭೆ ಸೇರಿ ಗುಂಪುಗಟ್ಟುತ್ತಿದ್ದ ಕಡೆ, ಗೆರೆ ದಾಟದವರು ಬೇರೆ ಗುಂಪಿಗೆ ಹೋಗಿ ನಿಲ್ಲಬಹುದಿತ್ತು.

"ಹದಿನೈದರ ಗೆರೆ ಯಾಕೆ?" ಎಂದ.

"ಇಲ್ಲದಿದ್ದರೆ ಚಿಲ್ಲರೆ ಗುಂಪುಗಳೇ ತುಂಬಿ ಸಭೆ ಮುಗಿಯುವುದುಂಟಾ ಮಾರಾಯ?" ಎಂದೆ, ತರಗತಿಯ ಹಳೆಯ ಗತ್ತಿನಲ್ಲಿ.

ಅವನ ತಲೆನೋವು ಸಮಿತಿಯದು. ನಮ್ಮಲ್ಲಿ ಸಂತಾನದ ಲೆಕ್ಕ ತಾಯಿಯ ಕಡೆಯಿಂದ. ಒಬ್ಬೊಬ್ಬ ತಾಯಿಯ ಸಂತಾನ ಒಂದೊಂದು ಕವರು. ದೊಡ್ಡದಿರಲಿ, ಚಿಕ್ಕದಿರಲಿ, ಸಮಿತಿಯಲ್ಲಿ ಕವರಿಗೊಂದು ಸ್ಥಾನ. ಇದು ಅನ್ಯಾಯ ಎಂದು ದೊಡ್ಡ ಕವರಿನವರ ತಕರಾರು. ಅವನು ಭಾನುವಾರ ಭಾನುವಾರ ಬಂದ, ನಾನು ಹೇಳಿಕೊಟ್ಟೆ, ನನ್ನ ಗೆರೆಯನ್ನೇ ಸಮಿತಿ ಒಪ್ಪಿತು: ಕುಟುಂಬದ ನೂರು ತಲೆಗೆ ಹದಿನೈದು ತಲೆಯಿಲ್ಲದ ಕವರಿಗೆ ಸ್ಥಾನವಿಲ್ಲ. ಆಮೇಲೆ ಅವನು ಬರಲಿಲ್ಲ. ಮಾತಿಗೆ ಜನ ಸಿಕ್ಕಿದ ಖುಷಿಯಲ್ಲಿ ನನ್ನ ತಲೆಯನ್ನು ನಾನು ಎಣಿಸಿರಲೇ ಇಲ್ಲ. ನನಗೆ ಮದುವೆಯಿಲ್ಲ, ಅಕ್ಕತಂಗಿಯರಿಲ್ಲ. ಅಮ್ಮನ ಕವರು ಎಂದರೆ ನಾನೊಬ್ಬಳೇ.

ಕುಟುಂಬದ ದೈವಕ್ಕೆ ವರ್ಷದ ಸೇವೆಯಾದ ತಂಬಿಲ ಕೊಡುವ ದಿನ ಮೂಲಮನೆಯ ಚಾವಡಿಯಲ್ಲಿ ಒಂದು ಕ್ರಮವುಂಟು. ಪ್ರತಿ ಕವರನ್ನೂ ಅದರ ತಾಯಿಯ ಹೆಸರು ಹಿಡಿದು ಕೂಗುತ್ತಾರೆ, ಆ ಕವರಿನ ಹಿರಿಯರು "ಉಂಟು" ಎಂದು ಎದ್ದು ವೀಳ್ಯ ತೆಗೆದುಕೊಳ್ಳಬೇಕು. ಅಮ್ಮನ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ನಾನು ಕೇಳುವುದು ವರ್ಷಕ್ಕೆ ಅದೊಂದೇ ಸಲ. ಅದಕ್ಕೆಂದೇ ಹೋಗುತ್ತೇನೆ, ದೈವ ಕ್ಷಮಿಸಲಿ.

ಆ ಸಲ ಹೊಸ ಕ್ರಮದಲ್ಲಿ, ಸ್ಥಾನವಿದ್ದ ಕವರುಗಳನ್ನು ಮಾತ್ರ ಕೂಗಿದರು. ಸೆರಗು ಸರಿಮಾಡಿಕೊಂಡು ಕಾದೆ. ಚಿಕ್ಕಮ್ಮನ ಹೆಸರು ಬಂತು, ಅದಕ್ಕಿಂತ ಮೊದಲು ಬರಬೇಕಾಗಿದ್ದ ಅಮ್ಮನ ಹೆಸರು ಬರಲೇ ಇಲ್ಲ. ಎದ್ದು ಜಗಳ ಮಾಡುವಷ್ಟು ಸಿಟ್ಟು ಬಂತು. ಯಾರ ಮೇಲೆ ಮಾಡುವುದು? ಗೆರೆ ಎಳೆದವಳು ನಾನೇ.

ಚಿಕ್ಕಮ್ಮನ ಕವರಿನವರ ನಡುವೆ ಕೂತಿದ್ದ ನನ್ನ ವಿದ್ಯಾರ್ಥಿ ಕಂಬದ ಹತ್ತಿರದಿಂದ ಕೈಬೀಸಿ ಕರೆದ. "ದೊಡ್ಡಮ್ಮ, ನೀವು ನಮ್ಮೊಟ್ಟಿಗೆ ಬನ್ನಿ. ಅಮೆರಿಕದಲ್ಲಿಯೂ ಗೆರೆ ದಾಟದವರು ಹಾಗೆಯೇ ಅಲ್ವಾ? ನೀವೇ ಹೇಳಿದ್ದು."

ಪಾಪ, ಪ್ರೀತಿಯಿಂದಲೇ ಕರೆದದ್ದು. ಹೋಗಿ ಅವರ ಸಾಲಿನ ಕೊನೆಯಲ್ಲಿ ಕೂತೆ. ಊಟ ಬಡಿಸಿದರು, ಪಾಯಸಕ್ಕೆ ಕಾಯದೆ ಎದ್ದೆ.

ಮಧ್ಯಾಹ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಟಿವಿ ಹಾಕಲಿಲ್ಲ. ಗೋಡೆಯ ಎದುರು ನಿಂತು ಅಮ್ಮನ ಹೆಸರನ್ನು ಚಾವಡಿಯಲ್ಲಿ ಕೂಗುವ ಹಾಗೆ ಗಟ್ಟಿಯಾಗಿ ಕೂಗಿದೆ. ಆಮೇಲೆ ನಾನೇ "ಉಂಟು" ಎಂದೆ.