ಒಂದು ಮನೆ, ಒಂದು ಖಾತೆ

"ರೀ, ನಂಬರ್ ಬಂತಾ?"

"ನಂಬರ್ ಬಂತು. ಟೀ ಬಂತಾ?"

ಗಂಡ ಕುರ್ಚಿಯಲ್ಲಿ ಕಾಲು ಚಾಚಿ, ಫೋನನ್ನು ಎದೆಯ ಮೇಲೆ ಕವುಚಿ ಹಾಕಿಕೊಂಡಿದ್ದ. ಅವಳು ಅಡುಗೆಮನೆಗೆ ಹೋಗಿ ಟೀ ತಂದಿಟ್ಟಳು. ಅವನು ಕನ್ನಡಕ ಹುಡುಕಿ, ಹಾಕಿಕೊಂಡು, ಲಾಟರಿ ಫಲಿತಾಂಶ ಓದುವವರ ಹಾಗೆ ಒಂದೊಂದೇ ಅಂಕಿ ಓದಿದ. ಅಷ್ಟರಲ್ಲಿ ಅದರ ಅವಧಿ ಮುಗಿದಿತ್ತು.

"ಇನ್ನೊಂದು ಸಲ ತರಿಸ್ಕೋ. ನಾನೇನು ಎದ್ದು ಓಡಿ ಹೋಗ್ತೀನಾ?" ಅಂದ.

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟದ್ದಿದ್ದರೆ ಜಗಳವಾಡಬಹುದಿತ್ತು.

ಅವಳ ಕೈಯಲ್ಲಿದ್ದದ್ದು ಮಗಳು ಹೊಸದು ಕೊಂಡಾಗ ಬಿಟ್ಟುಹೋದ ಫೋನು. ಅದಕ್ಕೆ ಸಿಮ್ ಇರಲಿಲ್ಲ, ಮನೆಯ ವೈಫೈ ತಲುಪುವಷ್ಟು ದೂರ ಮಾತ್ರ ಅದಕ್ಕೆ ಜೀವ. ಹಾಗಾಗಿ ಲಾಗಿನ್ ಆಗಲು ಬೇಕಾದ ನಂಬರು ಗಂಡನ ಫೋನಿಗೆ ಬರುತ್ತಿತ್ತು. ಗಂಡ ನೀರು ಸರಬರಾಜಿನ ಪಂಪುಮನೆಯಲ್ಲಿ ಪಾಳಿ ಕೆಲಸದವನು. ಅವನು ಪಾಳಿಗೆ ಹೋದರೆ ಅವಳ ಬಾಗಿಲ ಕೀಲಿಕೈಯೂ ಅವನ ಜೇಬಿನಲ್ಲಿ ಹೋದಂತೆ.

ಆ ಬಾಗಿಲು ತೆರೆಯುತ್ತಿದ್ದದ್ದು ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ವೇದಿಕೆಯೊಂದಕ್ಕೆ. ಅತ್ತೆ ಬಚ್ಚಲಿನಲ್ಲಿ ಕುಸಿದು, ಎಡಭಾಗ ಸ್ವಾಧೀನ ತಪ್ಪಿ, ಆಸ್ಪತ್ರೆಯವರು "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಎಂದು ಕಳಿಸಿದಾಗ ಎಲ್ಲರೂ ಅವಳ ಕಡೆ ತಿರುಗಿ ನೋಡಿದ್ದರು. ಚೆನ್ನಾಗಿ ಅಂದರೆ ಹೇಗೆ ಎಂದು ಯಾರೂ ಹೇಳಿರಲಿಲ್ಲ. ಅತ್ತೆಯ ಸೊಂಟದ ಹಿಂದೆ ಮೊದಲ ಹುಣ್ಣು ಕಂಡ ಮಧ್ಯಾಹ್ನ ಅವಳು ಹಳೆಯ ಫೋನಿನಲ್ಲಿ ಹುಡುಕುತ್ತ ಹುಡುಕುತ್ತ ಅಲ್ಲಿಗೆ ಹೋಗಿ ಬಿದ್ದಳು.

ಮೊದಲು ಕೇಳಿದಳು. ಆಮೇಲೆ ಹೇಳಿದಳು. ಭಾರವಾದ ಮೈಯನ್ನು ತೋಳು ಹಿಡಿದು ಎಳೆಯಬಾರದು, ಅಡ್ಡಕ್ಕೆ ಹಾಸಿದ ಬಟ್ಟೆಯಿಂದ ಹೊರಳಿಸಬೇಕು. ಮೊಣಕಾಲುಗಳ ನಡುವೆ ದಿಂಬು ಇಡಬೇಕು. ನೀರು ಗಂಟಲಿಗೆ ಸಿಕ್ಕಿಕೊಳ್ಳುವವರಿಗೆ ಅದನ್ನು ಸ್ವಲ್ಪ ಮಂದ ಮಾಡಿ, ಕೂರಿಸಿಕೊಂಡು, ಒಂದು ಗುಟುಕು ಇಳಿದದ್ದನ್ನು ನೋಡಿ ಇನ್ನೊಂದು ಕೊಡಬೇಕು. ಯಾರು ಏನು ಕೇಳಿದರೂ ಅವಳ ಮೊದಲ ಪ್ರಶ್ನೆ ಒಂದೇ, "ಮಗ್ಗುಲು ಬದಲಾಯಿಸಿ ಎಷ್ಟು ಹೊತ್ತಾಯ್ತು?" ಹಾಗಾಗಿ ಜನ ಅವಳನ್ನು ಮಗ್ಗುಲಕ್ಕ ಎಂದು ಕರೆದರು. ಅವಳೂ ಖಾತೆಗೆ ಅದೇ ಹೆಸರು ಇಟ್ಟುಕೊಂಡಳು. ಮನೆಯಲ್ಲಿ ಅವಳು ಸೊಸೆ, ಅಮ್ಮ, ಏ ಇವಳೇ. ಕೆಲಸದಿಂದ ಬಂದ ಹೆಸರು ಮಗ್ಗುಲಕ್ಕ ಒಂದೇ.

ಅಲ್ಲಿ ನಿಯಮಗಳ ಮೇಲೆ ಜಗಳ ತಪ್ಪುತ್ತಿರಲಿಲ್ಲ. ಔಷಧಿಯ ಹೆಸರು ಬರೆಯಬಹುದೇ, ರೋಗಿಯ ಫೋಟೋ ಹಾಕಬಹುದೇ, ರೋಗಿಯನ್ನು ಬೈಯಬಹುದೇ. ಈ ಕೊನೆಯದಕ್ಕಾಗಿ ಅವಳು ಸೆರಗು ಕಟ್ಟಿ ನಿಂತಳು. ಬೈಯುವುದಕ್ಕೆ ಒಂದು ಜಾಗ ಇರಲೇಬೇಕು, ಇಲ್ಲದಿದ್ದರೆ ಆ ಬೈಗುಳ ಕೈಗೆ ಇಳಿಯುತ್ತದೆ ಎಂದು ಬರೆದಳು. ವೇದಿಕೆ ನಡೆಸುವ ಅಡ್ಮಿನ್ ಒಪ್ಪಿ, "ಸಾಕಾಯ್ತು" ಎಂಬ ಪುಟ ತೆರೆದರು. ಅವರನ್ನು ಎಲ್ಲರೂ ಯಜಮಾನರು ಅನ್ನುತ್ತಿದ್ದರು. "ಮನೇಲಿ ಒಬ್ರು ಸಾಲ್ದು ಅಂತ ಇಲ್ಲೂ ಒಬ್ರನ್ನ ಇಟ್ಕೊಂಡಿದೀವಿ" ಎಂದು ಗುಬ್ಬಿ ನಗಿಸುತ್ತಿದ್ದಳು. ಗುಬ್ಬಿ ಎಂಬ ಖಾತೆಯ ಹುಡುಗಿ ಮಾವನನ್ನು ನೋಡಿಕೊಳ್ಳುತ್ತಿದ್ದಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಆ ಕೆಲಸ ಅವಳ ಕುತ್ತಿಗೆಗೆ ಬಿದ್ದಿತ್ತು. ಮಾವನ ಮೈ ಒರೆಸುವಾಗಿನ ಸಂಕೋಚ, ಅವನ ಸ್ವಾಧೀನದಲ್ಲಿದ್ದ ಒಂದು ಕೈ ಮಾಡುವ ಕಿತಾಪತಿ, ಗಂಡನಿಗೆ ಹೇಳಿದರೆ "ಅಪ್ಪನಿಗೆ ಪ್ರಜ್ಞೆ ಎಲ್ಲಿದೆ" ಅನ್ನುವ ಉತ್ತರ, ಎಲ್ಲವನ್ನೂ ಅವಳು ಮಗ್ಗುಲಕ್ಕನಿಗೆ ಖಾಸಗಿ ಸಂದೇಶದಲ್ಲಿ ಬರೆದಿದ್ದಳು. ಬೇರೆ ಯಾರಿಗೂ ಹೇಳಿರಲಿಲ್ಲ.

ಆ ಕಾಲದಲ್ಲೇ ಸತ್ಯಸಂಧ ಎಂಬ ಒಬ್ಬ ಮಹಾಶಯ ಕಾಡುತ್ತಿದ್ದ. ಸೊಸೆಯಂದಿರ ಕರ್ತವ್ಯದ ಬಗ್ಗೆ ಪ್ರವಚನ ಕೊಡುವುದು, ಆಮೇಲೆ ತನ್ನದೇ ಇನ್ನೈದಾರು ಸುಳ್ಳು ಖಾತೆಗಳಿಂದ ಬಂದು ಭೇಷ್ ಅನ್ನುವುದು ಅವನ ರೂಢಿ. ಅವನನ್ನು ಓಡಿಸಲು ಮಗ್ಗುಲಕ್ಕ ಒಂದು ನಿಯಮ ಸೂಚಿಸಿದಳು. ಒಂದು ಮನೆ, ಒಂದು ಖಾತೆ.

"ಅಕ್ಕ, ಒಂದೇ ಮನೇಲಿ ಇಬ್ಬರು ನೋಡ್ಕೊಳ್ತಾ ಇದ್ರೆ?" ಎಂದು ಗುಬ್ಬಿ ಕೇಳಿದಳು.

"ಒಂದೇ ಮನೇಲಿ ಇಬ್ಬರು ನೋಡ್ಕೊಳ್ಳೋದನ್ನ ನೀನು ಎಲ್ಲಾದ್ರೂ ಕಂಡಿದೀಯೇನೇ ಗುಬ್ಬಿ?"

ವೇದಿಕೆಯೇ ನಕ್ಕಿತು. ನಿಯಮ ಒಂದು ಮತವೂ ತಪ್ಪದೆ ಜಾರಿಗೆ ಬಂತು. ಸತ್ಯಸಂಧ ಹೋದ.

ಆಮೇಲೆ ಕಳ್ಳರು ಬಂದರು. ಯಾರದೋ ಖಾತೆಯೊಳಗೆ ನುಗ್ಗಿ, ಅವರ ಹೆಸರಿನಲ್ಲಿ "ಅಮ್ಮನಿಗೆ ಆಪರೇಷನ್, ಸಹಾಯ ಮಾಡಿ" ಎಂದು ಬೇಡಿ ಮಾಯವಾದರು. ಅಂದಿನಿಂದ ಫೋನ್ ನಂಬರು ಕಡ್ಡಾಯವಾಯಿತು. ವೇದಿಕೆಯ ಖರ್ಚೂ ಏರಿ, ದಾನಿಗಳು ಬೇಕಾದರು. ದಾನ ಕೊಟ್ಟವರ ಹೆಸರಿನ ಪಕ್ಕದಲ್ಲಿ ಒಂದು ನಕ್ಷತ್ರ. ಅವರಿಗೆ ನಿಯಮಗಳ ಮೇಲೆ ಮತ. ಖಾತೆಗೆ ತೊಂದರೆಯಾದರೆ ಯಜಮಾನರೇ ಉತ್ತರಿಸುತ್ತಾರೆ. ಉಳಿದವರಿಗೆ ಯಂತ್ರದ ಉತ್ತರ.

"ದುಡ್ಡು ಕೊಟ್ಟೋರಿಗೆ ನಕ್ಷತ್ರ ಸರಿ, ದಿನಾ ಉತ್ತರ ಬರಿಯೋರಿಗೆ?" ಎಂದು ಯಾರೋ ಕೇಳಿದರು.

"ನಿಮ್ಮ ಸೇವೆಗೆ ಬೆಲೆ ಕಟ್ಟೋಕಾಗುತ್ತಾ?" ಎಂದರು ಯಜಮಾನರು, ಕೈಮುಗಿಯುವ ಚಿತ್ರ ಹಾಕಿ.

ಈ ಮಾತನ್ನು ಅವಳು ಮನೆಯಲ್ಲೂ ಕೇಳಿದ್ದಳು.

ದಾನಕ್ಕೆ ಬ್ಯಾಂಕಿನ ಕಾರ್ಡು ಬೇಕಿತ್ತು. ಕಾರ್ಡು ಗಂಡನದು. ಕೇಳಿದಾಗ ಅವನು ನಕ್ಕ. "ಪುಕ್ಕಟೆ ಚಾಕರಿ ಮಾಡೋದಲ್ದೆ ಅದಕ್ಕೆ ಫೀಸು ಬೇರೆ ಕಟ್ತೀಯಾ?" ಅವಳು ಮತ್ತೆ ಕೇಳಲಿಲ್ಲ. ಅತ್ತೆಗೆ ಜ್ವರ ಏರಿದ್ದ ಒಂದು ವಾರ ಅವಳು ವೇದಿಕೆಯ ಕಡೆ ತಲೆಯನ್ನೂ ಹಾಕಲಿಲ್ಲ. ಅದೇ ವಾರ ದಾನಿಗಳು ಸೇರಿ ಹಳೆಯ ನಿಯಮಕ್ಕೆ ಒಂದು ಸಾಲು ಜೋಡಿಸಿದರು. ಒಂದೇ ಮನೆಯ ಎರಡು ಖಾತೆ ಸಿಕ್ಕರೆ ದಾನಿಯ ಖಾತೆ ಉಳಿಯತಕ್ಕದ್ದು, ಇನ್ನೊಂದು ಅದರಲ್ಲಿ ವಿಲೀನವಾಗತಕ್ಕದ್ದು.

ಪಂಪುಮನೆಯಲ್ಲಿ ಗಂಡನ ಜೊತೆ ವಾಲ್ವು ನೋಡಿಕೊಳ್ಳುವವನ ತಾಯಿಯೂ ಹಾಸಿಗೆ ಹಿಡಿದಿದ್ದಳು. ಒಂದು ದಿನ ಅವನು ಊಟದ ಡಬ್ಬಿ ಬಿಚ್ಚುತ್ತ, "ನನ್ನ ಹೆಂಡ್ತಿ ಅದ್ಯಾರೋ ಮಗ್ಗುಲಕ್ಕ ಹೇಳಿದ ಹಾಗೆ ಮಾಡಿದ್ಳು, ಹುಣ್ಣು ಒಣಗ್ತಾ ಇದೆ ಮಾರಾಯಾ" ಅಂದ.

"ಅವಳು ನನ್ನ ಹೆಂಡ್ತಿ ಕಣೋ!"

"ಹೌದೌದು, ಪ್ರಧಾನಮಂತ್ರಿ ನಮ್ಮ ಚಿಕ್ಕಪ್ಪ."

ಗಂಡನಿಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ತನ್ನ ನಂಬರಿನಿಂದ, ತನ್ನ ಹೆಸರಿನಿಂದ ಒಂದು ಖಾತೆ ತೆರೆದ, ಕಾರ್ಡು ತೆಗೆದು ದಾನ ಕೊಟ್ಟ. ಸಂಜೆ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಕೂಗಿದ. "ಬಾ ಇಲ್ಲಿ! ನಕ್ಷತ್ರ ಕೇಳಿದ್ಯಲ್ಲ, ತಂದಿದೀನಿ ನೋಡು."

ಅವಳು ಅತ್ತೆಯ ಕೋಣೆಯಿಂದ ಬಂದಳು. ತೋಳಿನ ಮೇಲೆ ಒದ್ದೆ ಹಾಸುಬಟ್ಟೆ ಇತ್ತು. ಅವನ ಹೆಸರು, ಪಕ್ಕದಲ್ಲಿ ನಕ್ಷತ್ರ, ಅದರ ಕೆಳಗೆ ಅವಳ ಇಷ್ಟು ವರ್ಷಗಳ ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಒಂದರ ಮೇಲೂ ಮಗ್ಗುಲಕ್ಕ ಎಂದಿರಲಿಲ್ಲ.

"ಇದೇನ್ರೀ, ನನ್ನದೆಲ್ಲ ನಿಮ್ಮ ಹೆಸರಲ್ಲಿ ಬರ್ತಿದೆ?"

"ಅದೇ ನಂಗೂ ಗೊತ್ತಾಗ್ಲಿಲ್ಲ. ಎರಡಕ್ಕೂ ನಂಬರ್ ಒಂದೇ ಅಂತ ತಾನಾಗೇ ಸೇರ್ಕೊಂಡ್ತು. ಆದ್ರೆ ಏನೀಗ? ನಿಂದು ನಂದು ಅಂತ ಬೇರೆ ಇದ್ಯಾ?"

ಅವಳ ಫೋನಿನಲ್ಲಿ ಬಾಗಿಲು ತೆರೆಯಲಿಲ್ಲ. ಅಂಥ ಖಾತೆ ಇಲ್ಲ ಎಂದು ಯಂತ್ರ ಹೇಳಿತು. ಹೊಸದು ತೆರೆಯಹೋದರೆ, ಈ ಮನೆಯಿಂದ ಈಗಾಗಲೇ ಒಂದು ಖಾತೆ ಇದೆ ಎಂದಿತು.

ಅಷ್ಟು ಹೊತ್ತಿಗೆ ಅಲ್ಲಿ ಗದ್ದಲ ಎದ್ದಿತ್ತು. ಮಗ್ಗುಲಕ್ಕ ಗಂಡಸಂತೆ. ಇಷ್ಟು ದಿನ ಹೆಣ್ಣುಮಕ್ಕಳ ಗುಟ್ಟು ಕೇಳಿಸಿಕೊಂಡು ಕೂತಿದ್ದನಂತೆ. ಒಬ್ಬಳು ಥೂ ಎಂದು ಉಗಿದಿದ್ದಳು. ಇನ್ನೊಬ್ಬರು, ಗಂಡಸಾದರೇನು, ಹೇಳಿದ್ದು ಸರಿ ಇತ್ತಲ್ಲ ಎಂದು ವಾದಿಸುತ್ತಿದ್ದರು. ಗುಬ್ಬಿ ಎರಡೇ ಸಾಲು ಬರೆದಿದ್ದಳು. "ನನ್ನ ಮೈಯ ಕಥೆಯನ್ನೆಲ್ಲ ನಿಮಗೆ ಹೇಳಿದ್ದೆ. ಇನ್ನು ಯಾರಿಗೂ ಏನೂ ಹೇಳಲ್ಲ."

ಗಂಡನ ಫೋನು ಕಸಿದುಕೊಂಡು ಅವಳು ಬರೆದಳು. "ಗುಬ್ಬಿ, ನಾನೇ ಕಣೇ. ನಿನ್ನ ಅಕ್ಕ. ಇದು ನನ್ನ ಗಂಡನ ಖಾತೆ, ತಪ್ಪಾಗಿ ಸೇರಿಹೋಗಿದೆ."

ಬೇರೊಬ್ಬರು ಉತ್ತರಿಸಿದರು. "ಖಾತೆ ಕದ್ದವರು ಹೀಗೇ ಬರೀತಾರೆ ಅಂತ ಮಗ್ಗುಲಕ್ಕನೇ ನಮಗೆ ಎಚ್ಚರಿಕೆ ಕೊಟ್ಟಿದ್ರು. ನಂಬಬೇಡ ಗುಬ್ಬಿ."

ತಾನೇ ತಾನು ಎಂದು ಹೇಗೆ ತೋರಿಸುವುದು? ಗುಬ್ಬಿಗೂ ಅವಳಿಗೂ ಮಾತ್ರ ತಿಳಿದದ್ದೆಲ್ಲ ಆ ಸಂದೇಶಗಳಲ್ಲಿತ್ತು. ಆ ಸಂದೇಶಗಳೆಲ್ಲ ಈಗ ನಕ್ಷತ್ರದ ಖಾತೆಯೊಳಗಿದ್ದವು, ಯಾರು ಫೋನು ಹಿಡಿದರೂ ಓದಬಹುದಿತ್ತು.

ಖಾತೆ ಬಿಡಿಸಿಕೊಡಿ ಎಂದು ಅವಳು ಯಜಮಾನರಿಗೆ ಬರೆದಳು. ದಾನಿಯ ಖಾತೆಯಾದ್ದರಿಂದ ಅವರು ಕೂಡಲೇ ಉತ್ತರಿಸಿದರು. ಒಮ್ಮೆ ಸೇರಿದ ಖಾತೆ ಬಿಡಿಸಲು ಬರುವುದಿಲ್ಲ ಸರ್. ನಿಮ್ಮ ಮನೆಯವರು ಬರೆಯುತ್ತಿದ್ದದ್ದು ನಿಜವೇ ಇರಬಹುದು. ಆದರೆ ನಿಮಗೊಬ್ಬರಿಗೆ ಎರಡು ಖಾತೆ ಬಿಟ್ಟರೆ ನಾಳೆ ಸತ್ಯಸಂಧನೂ ಬಂದು ಕೇಳುತ್ತಾನೆ. ನಿಯಮ ಮಾಡಿದ್ದೂ ನಿಮ್ಮ ಮನೆಯವರೇ ಅಲ್ಲವೇ?

ಅವಳು ಅದನ್ನು ಓದಿ ಫೋನನ್ನು ಗಂಡನ ಕೈಗೆ ಕೊಟ್ಟಳು. ಅತ್ತೆಯ ಮಗ್ಗುಲು ಬದಲಾಯಿಸುವ ಹೊತ್ತಾಗಿತ್ತು.

ಮರುದಿನ ಅವನು ಪಾಳಿಯಿಂದ ಬಂದವನು ಊಟ ಮಾಡಿದ. ಕೈ ತೊಳೆದು ಬಂದು ಕೇಳಿದ. "'ಸಾಕಾಯ್ತು' ಪುಟದಲ್ಲಿ ಅಮ್ಮನ ಬಗ್ಗೆ ಏನೋ ಬರೆದಿದ್ಯಲ್ಲ?"

ಬರೆದಿದ್ದಳು. ಒಂದೇ ಬೆಳಿಗ್ಗೆ ಹಾಸಿಗೆ ಮತ್ತೆ ಮತ್ತೆ ಒದ್ದೆಯಾಗಿ, ಅತ್ತೆ ಗಂಜಿಯನ್ನು ಅವಳ ಮುಖಕ್ಕೇ ಉಗಿದ ದಿನ ಬರೆದದ್ದು. *ಇವರು ಸತ್ತರೆ ನಾನು ಮೊದಲು ನಿದ್ದೆ ಮಾಡ್ತೀನಿ, ಆಮೇಲೆ ಎದ್ದು ಅಳ್ತೀನಿ.* ಅದರ ಕೆಳಗೆ ಎಷ್ಟೋ ಹೆಂಗಸರು "ನಾನೂ", "ನಾನೂ" ಎಂದು ಬರೆದಿದ್ದರು. ಅವಳು ಅಲ್ಲಿ ಬರೆದದ್ದರಲ್ಲೆಲ್ಲ ಹೆಚ್ಚು ಜನ ಓದಿದ್ದು ಅದನ್ನೇ.

"ಅಳಿಸಿ ಹಾಕಿದೆ" ಅಂದ. "ಬೈತಿಲ್ಲ ನಿನ್ನ. ನೀನೂ ಮನುಷ್ಯಳೇ, ಗೊತ್ತಾಗುತ್ತೆ. ಆದ್ರೆ ಈಗ ಅದು ನನ್ನ ಹೆಸರಲ್ಲಿದೆ. ಹೆತ್ತ ತಾಯಿ ಬಗ್ಗೆ ಹೀಗೆ ಬರೆದಿದಾನೆ ಅಂತ ಪಂಪುಮನೇಲಿ ಏನಂದ್ಕೋತಾರೆ?"

"ಕೆಳಗಡೆ ಅವರೆಲ್ಲ ಬರೆದಿದ್ರಲ್ಲ?"

"ಮೇಲಿಂದು ಹೋದ್ರೆ ಕೆಳಗಿಂದೂ ಹೋಗುತ್ತಂತೆ."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟಳು. ತಟ್ಟೆ ತೊಳೆದಾದ ಮೇಲೂ ನೀರು ಸುಮ್ಮನೆ ಹರಿಯುತ್ತಿತ್ತು.

"ನೀರು ನಿಲ್ಸೇ, ಪಂಪು ನಡೆಸೋನಿಗೆ ಗೊತ್ತು ಅದರ ಕಷ್ಟ" ಎಂದು ಹೊರಗಿನಿಂದ ಕೂಗಿದ.

ಗದ್ದಲ ತಣ್ಣಗಾಯಿತು. ಜನಕ್ಕೆ ಉತ್ತರ ಬೇಕಿತ್ತು, ಉತ್ತರ ಕೊಡುವವರ ಮೇಲೆ ಎಷ್ಟು ದಿನ ಮುನಿದಾರು? ನಕ್ಷತ್ರದ ಖಾತೆಗೆ ಮತ್ತೆ ಪ್ರಶ್ನೆಗಳು ಬರತೊಡಗಿದವು. ರಜೆಯ ದಿನ ಗಂಡ ಅತ್ತೆಯ ಕೋಣೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಅವನ್ನು ಓದಿ ಹೇಳುತ್ತಿದ್ದ. ಅವಳು ಮೊದಲ ಕೆಲವು ದಿನ ಬಾಯಿ ಬಿಡಲಿಲ್ಲ. ಅವನೇ ಏನೋ ಒಂದು ಬರೆದ. ಯಾರೋ ಅದರಂತೆ ಮಾಡಹೋಗಿ ಅಜ್ಜಿಯೊಬ್ಬಳ ತೋಳು ಉಳುಕಿತು. ಅಂದಿನಿಂದ ಅವಳು ಹೇಳತೊಡಗಿದಳು.

ಅವತ್ತು ಅವಳು ಅತ್ತೆಯ ಬೆನ್ನಿನ ಕೆಳಗೆ ಎರಡೂ ಕೈ ತೂರಿಸಿ ಹೊರಳಿಸುತ್ತಿದ್ದಳು.

"ಗುಬ್ಬಿ ಅಂತೆ, ಯಾರೋ ಕೇಳಿದಾಳೆ" ಅಂದ ಗಂಡ.

ಅವಳ ಕೈ ಅಲ್ಲೇ ನಿಂತಿತು. "ಓದಿ."

"'ನಮಸ್ಕಾರ ಸರ್. ಮಾವನ ಬೆನ್ನಿನ ಕೆಳಗೆ ಕೆಂಪಾಗಿದೆ. ಏನು ಮಾಡಬೇಕು ತಿಳಿಸಿ.' ಅಷ್ಟೇ. ಏನಂತ ಬರೀಲಿ?"

ಗುಬ್ಬಿ ಹಿಂದೆಲ್ಲ ಒಂದು ಪ್ರಶ್ನೆ ಕೇಳಬೇಕಾದರೆ ಇಡೀ ದಿನದ ರಾಮಾಯಣ ಹೇಳುತ್ತಿದ್ದಳು. ಮಾವನ ಕೈ ಈಗ ಸುಮ್ಮನಿದೆಯೇ ಇಲ್ಲವೇ, ಕೇಳುವಂತಿರಲಿಲ್ಲ. ಕೇಳಿದರೆ ಅದನ್ನು ಬರೆಯುವವನು ಗಂಡ.

"ಒತ್ತಿ ಬಿಟ್ರೆ ಆ ಜಾಗ ಬೆಳ್ಳಗಾಗುತ್ತಾ ಕೇಳಿ."

ಅವನು ಒಂದೇ ಬೆರಳಿನಲ್ಲಿ ಬರೆದ. ಇಬ್ಬರೂ ಕಾದರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಉಸಿರಾಡುತ್ತಿದ್ದರು.

"'ಇಲ್ಲ ಸರ್, ಕೆಂಪಾಗೇ ಇರುತ್ತೆ' ಅಂದ್ಳು."

"ಹಾಗಾದ್ರೆ ಆ ಕಡೆ ಭಾರ ಬೀಳಿಸ್ಲೇಬಾರ್ದು. ತಿಕ್ಕಬಾರ್ದು. ಮಗ್ಗುಲು ಬದಲಾಯಿಸಿ ಎಷ್ಟು ಹೊತ್ತಾಯ್ತು ಕೇಳಿ. ಬೇಗ ಡಾಕ್ಟರಿಗೆ ತೋರಿಸ್ಲಿ."

"ನಿಧಾನ, ನಿಧಾನ. ತಿಕ್ಕ... ಬಾರದು. ಆಮೇಲೆ?"

ಅವಳು ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದಳು. ಅತ್ತೆಯ ಮೊಣಕಾಲುಗಳ ನಡುವೆ ದಿಂಬು ಸಿಕ್ಕಿಸಿದಳು.

"'ಥ್ಯಾಂಕ್ಸ್ ಸರ್' ಅಂತ ಕಳಿಸಿದ್ಳು" ಎಂದ ಗಂಡ, ಖುಷಿಯಾಗಿ. "ಪಾಪ, ಒಳ್ಳೆ ಹುಡುಗಿ. ಟೀ ಇದ್ಯಾ?"