ಆಯುಧಪೂಜೆಗೆ ಕೂತ ರೋಬೋಗಳು

ನನಗೂ ನನ್ನ ಮಾವನವರಿಗೂ ಇದ್ದದ್ದು ಎಣ್ಣೆ ಸೀಗೆಕಾಯಿ ಸಂಬಂಧ. ಮದುವೆಯಾಗಿ ಪೀಣ್ಯದ ಹತ್ತಿರದ ಆ ಮನೆಗೆ ಹೋದಾಗ ಬಟ್ಟೆಯ ಸೂಟ್‌ಕೇಸಿನ ಜೊತೆ ನನ್ನದೊಂದು ರಟ್ಟಿನ ಪೆಟ್ಟಿಗೆಯೂ ಬಂದಿತ್ತು. ಸ್ಟೀಲ್ ಪಾತ್ರೆ ಇರಬೇಕೆಂದು ಅತ್ತೆ ಆಸೆಯಿಂದ ಬಿಚ್ಚಿದರು. ಒಳಗಿದ್ದದ್ದು ಆರು ರೋಬೋಗಳು. ಕಾರು, ಲಾರಿ, ವಿಮಾನಗಳೆಲ್ಲ ಎದ್ದು ನಿಂತು ಬಡಿದಾಡುವ ಇಂಗ್ಲಿಷ್ ಸಿನಿಮಾಗಳು ಆಗ ಎರಡು ವರ್ಷಕ್ಕೊಂದು ಬರುತ್ತಿದ್ದವು. ಅವುಗಳ ಆಟಿಕೆಗಳು ಇವು. ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿ, ನನಗೆ ಕೇಳಲೆಂದೇ ಮಗನಿಗೆ ಹೇಳಿದರು.

"ಸೊಸೆ ಇನ್ನೂ ಗೊಂಬೆ ಆಡ್ತಾಳೇನೋ?"

ಮೈಯೆಲ್ಲ ಉರಿದುಹೋಯಿತು. ಹೊಸ ಸೊಸೆಯಾದ್ದರಿಂದ ತುಟಿ ಪಿಟಕ್ ಎನ್ನಲಿಲ್ಲ. ಮರುದಿನ ಅವರ ಕಾಫಿಗೆ ಅರ್ಧ ಚಮಚ ಸಕ್ಕರೆ ಕಡಿಮೆ ಹಾಕಿದೆ.

ಮಾವ ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ರಿಟೈರ್ ಆದವರು. ಕಬ್ಬಿಣ ಬಿಟ್ಟರೆ ಉಳಿದದ್ದು ಅವರಿಗೆ ವಸ್ತುವೇ ಅಲ್ಲ. ಪ್ಲಾಸ್ಟಿಕ್ ಎಂದರೆ ಬಚ್ಚಲಿನ ಬಕೆಟ್ಟು, ಅಷ್ಟೇ. ಕಾರ್ಖಾನೆಯಲ್ಲಿ ಅವರಿಗೊಂದು ಹೆಸರಿತ್ತು: ಆ ಕೈಗೆ ಕೊಟ್ಟ ಸಾಮಾನು ಕೆಡುವುದಿಲ್ಲ ಎಂದು. ಇದನ್ನು ಮನೆಗೆ ಬಂದವರಿಗೆಲ್ಲ ಅತ್ತೆ ಹೇಳುತ್ತಿದ್ದರು, ಮಾವ ಕೇಳದವರಂತೆ ಪೇಪರ್ ಓದುತ್ತಾ ಕೇಳಿಸಿಕೊಳ್ಳುತ್ತಿದ್ದರು. ಬೇರೆ ಯಾವ ಹೊಗಳಿಕೆಯೂ ಅವರಿಗೆ ಬೇಕಿರಲಿಲ್ಲ.

ನಾನಿದ್ದದ್ದು ಪೀಣ್ಯ ಎರಡನೇ ಹಂತದ ಪ್ಲಾಸ್ಟಿಕ್ ಮೋಲ್ಡಿಂಗ್ ಕಂಪನಿಯಲ್ಲಿ, ಅಚ್ಚಿನಿಂದ ಬಂದ ಪೀಸುಗಳನ್ನು ಪರೀಕ್ಷಿಸುವ ಕೆಲಸ. ದಿನವಿಡೀ ಸ್ವಿಚ್ ಡಬ್ಬಿಗಳನ್ನು ತಿರುಗಿಸಿ ನೋಡಿ ಕಣ್ಣು ಸೋತವಳಿಗೆ, ಅದೇ ಪ್ಲಾಸ್ಟಿಕ್ಕಿನಿಂದ ಭುಜ, ಮೊಣಕಾಲು, ಬೆರಳು ಮಾಡಿ, ಎಲ್ಲ ಮಡಚಿದರೆ ಸಂದು ಕಾಣದ ಹಾಗೆ ಒಂದು ಲಾರಿ ಆಗುತ್ತದೆ ಎಂದರೆ ಹುಚ್ಚು ಹಿಡಿಯದೆ ಇರುತ್ತದೆಯೇ? ಮದುವೆಗೆ ಮುಂಚೆ ಪಿ.ಜಿ. ಹಾಸ್ಟೆಲಿನಲ್ಲಿದ್ದಾಗ ಸಂಬಳ ಬಂದಾಗಲೆಲ್ಲ ಮಾಲ್‌ಗೆ ಹೋಗಿ ಗಾಜಿನಾಚೆ ನಿಂತು ನೋಡುತ್ತಿದ್ದೆ. ಮೊದಲ ಬೋನಸ್ಸಿನಲ್ಲಿ ತಂದದ್ದೇ ಆ ಆರರಲ್ಲಿ ಮೊದಲನೆಯದು, ಒಂದು ಕೆಂಪು ಲಾರಿ. ಅದನ್ನು ಲಾರಿಯಿಂದ ಆಳು, ಆಳಿನಿಂದ ಲಾರಿ ಮಾಡುವುದು ಕಣ್ಣು ಮುಚ್ಚಿಕೊಂಡೂ ನನಗೆ ಬರುತ್ತಿತ್ತು.

ಮೂರು ವರ್ಷದಲ್ಲಿ ಆರು ಇದ್ದದ್ದು ಹನ್ನೊಂದಾಯಿತು. ನಾನು ಟಿವಿ ಸ್ಟ್ಯಾಂಡಿನ ಮೇಲೆ ಸಾಲಾಗಿ ಇಡುವುದು, ಸಂಜೆ ಬರುವಷ್ಟರಲ್ಲಿ ಮಾವನ ಕೈಯಿಂದ ಅವು ಬಚ್ಚಲಿನ ಮೇಲಿನ ಅಟ್ಟ ಸೇರಿರುವುದು. ಮತ್ತೆ ಇಳಿಸುತ್ತಿದ್ದೆ. ನಾವಿಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. "ಅವಳಿಗೆ ಹೇಳು, ಇದು ಮನೆ, ಅಂಗಡಿ ಅಲ್ಲ" ಎಂದು ಅವರು ಮಗನಿಗೆ; "ಅವರಿಗೆ ಹೇಳ್ರೀ, ನನ್ ಸಾಮಾನು ಮುಟ್ಬಾರ್ದು ಅಂತ" ಎಂದು ನಾನು ಗಂಡನಿಗೆ. ಮೂವರೂ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು. ಆ ಪುಣ್ಯಾತ್ಮ ಹೂಂ ಹೂಂ ಎಂದು ಊಟ ಮಾಡುತ್ತಿದ್ದ.

ಮೂರನೆಯ ವರ್ಷದ ಆಯುಧಪೂಜೆ. ನಮ್ಮ ಕಂಪನಿಯಲ್ಲಿ ಒಂದು ದಿನ ಮೊದಲೇ ಪೂಜೆ ಮುಗಿಸಿ, ಕೈಗೆ ಕಡ್ಲೆಪುರಿ ಪೊಟ್ಟಣ ಕೊಟ್ಟು ಮಧ್ಯಾಹ್ನವೇ ಮನೆಗೆ ಕಳಿಸಿದರು. ಗೇಟಿನಲ್ಲೇ ಸೀಮೆಎಣ್ಣೆ ವಾಸನೆ ಬಂತು. ಅದು ಪ್ರತಿವರ್ಷದ್ದು. ಹಬ್ಬದ ಹಿಂದಿನ ದಿನ ಮಾವ ತಮ್ಮ ಸ್ಪ್ಯಾನರು, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಅಳತೆಯ ಸಾಮಾನುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದರು. ಈ ಸಲ ಪೇಪರ್ ಹಾಸಿದ ಸಾಲಿನ ಕೊನೆಯಲ್ಲಿ ನನ್ನ ಹನ್ನೊಂದು ರೋಬೋಗಳೂ ಇದ್ದವು. ತೊಳೆದಿದ್ದರು. ಒಂದೊಂದು ಕೀಲಿಗೂ ಎಣ್ಣೆ ಬಿಟ್ಟಿದ್ದರು.

ಸೀಮೆಎಣ್ಣೆ, ಎಣ್ಣೆ ಎರಡೂ ಇಂಥ ಪ್ಲಾಸ್ಟಿಕ್ಕಿಗೆ ಆಗಿಬರುವುದಿಲ್ಲ. ಬಿಗಿಯಾಗಿ ಪಿನ್ನು ಹೊಡೆದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಡುತ್ತದೆ, ಆಮೇಲೆ ಕೈಯಿಟ್ಟರೆ ಮುರಿಯುತ್ತದೆ. ಕಂಪನಿಯಲ್ಲಿ ನನಗೆ ಮೊದಲ ವಾರವೇ ಕಲಿಸಿದ ಪಾಠ. ರೋಬೋಗಳನ್ನೆಲ್ಲ ಬಾಚಿಕೊಂಡು ಬಚ್ಚಲಿಗೆ ಹೋಗಿ ಸೋಪು ನೀರಿನಲ್ಲಿ ತೊಳೆದೆ. ಗಂಡ ಬಾಗಿಲಲ್ಲಿ ನಿಂತು, "ಬಿಡೇ, ಗಾಲಿ ಇದೆ, ಸ್ಕ್ರೂ ಇದೆ, ಪೂಜೆ ಮಾಡ್ದೆ ಬಿಡೋಕಾಗತ್ತಾ ಅಂತ ಅಪ್ಪಾನೇ ಅಟ್ಟದಿಂದ ಇಳ್ಸಿದ್ರು," ಎಂದ. ಅವನ ಮುಖಕ್ಕೆ ಬಾಗಿಲು ಹಾಕಿದೆ.

ಮರುದಿನ ಪೂಜೆಯಾಯಿತು. ಸೀಳೇನೂ ಕಣ್ಣಿಗೆ ಬೀಳಲಿಲ್ಲವೆಂದು ರೋಬೋಗಳನ್ನು ನಾನೇ ಸಾಲಿಗೆ ತಂದಿಟ್ಟಿದ್ದೆ. ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು, ಈಳಿಗೆಮಣೆಗೆ ಕುಂಕುಮ, ರೋಬೋಗಳ ತಲೆಯ ಮೇಲೆ ಒಂದೊಂದು ಚೆಂಡುಹೂವು. ಹನ್ನೊಂದು ಗಂಟೆಗೆ ಮಾವನ ಜೊತೆ ಕೆಲಸ ಮಾಡಿದ್ದ ನಾಲ್ವರು ರಿಟೈರ್ ಆದವರು ಬಂದರು. ಪ್ರತಿವರ್ಷ ಬರುತ್ತಿದ್ದರು. ಒಬ್ಬರು ಕೆಂಪು ಲಾರಿ ನೋಡಿ ಇದೇನಪ್ಪಾ ಎಂದರು. ಆಗ ಮಾವ ನನ್ನ ಕಡೆ ತಿರುಗಿ, ಮದುವೆಯಾದ ಮೇಲೆ ಮೊದಲ ಸಲ, ನನ್ನೊಂದಿಗೇ ಮಾತಾಡಿದರು.

"ಅದು ಮನುಷ್ಯ ಆಗತ್ತಲ್ಲ, ಹೆಂಗೆ ಅಂತ ತೋರ್ಸಮ್ಮ ಇವ್ರಿಗೆ."

ಎತ್ತಿಕೊಂಡೆ. ಮುಂಭಾಗ ಬಿಡಿಸಿ ಭುಜ ತಿರುಗಿಸಿದ್ದೇ ತಡ, ಟಕ್ ಎಂದು ತೋಳು ನನ್ನ ಕೈಗೆ ಬಂತು. ಇನ್ನೊಂದು ತೋಳೂ ಬಂತು. ಒಬ್ಬರು ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. ನನಗೆ ತಲೆ ಕೆಟ್ಟುಹೋಯಿತು.

"ಬೇಕಂತ್ಲೇ ಮಾಡಿದ್ರಿ," ಎಂದೆ. "ಅಟ್ಟಕ್ಕೆ ಎಸೆದ್ರೂ ನಾನು ಬಿಡ್ಲಿಲ್ಲ ಅಂತ ಸೀಮೆಎಣ್ಣೆ ಹಾಕಿ ಕೊಂದ್ರಿ. ಅಷ್ಟು ವರ್ಷ ಟೂಲ್‌ರೂಮಲ್ಲಿ ಇದ್ದೋರಿಗೆ ಯಾವ್ದಕ್ಕೆ ಏನು ಹಾಕ್ಬೇಕು ಅಂತ ಗೊತ್ತಿಲ್ವಾ? ಇನ್ನೊಬ್ರ ಸಾಮಾನು ಹಾಳ್ಮಾಡೋ ಕೈ ನಿಮ್ದು."

ನಕ್ಕಿದ್ದವರು ಕಡ್ಲೆಪುರಿಯ ತಟ್ಟೆಯನ್ನು ನೆಲದ ಮೇಲಿಟ್ಟರು. ಮಾವ ತಮ್ಮ ಅಂಗೈ ನೋಡಿಕೊಂಡರು, ಪಂಚೆಗೆ ಒರೆಸಿಕೊಂಡರು, ಒಳಗೆ ಹೋದರು. ಬಂದವರು ಕಾಫಿಯನ್ನೂ ಕುಡಿಯದೆ ಚಪ್ಪಲಿ ಮೆಟ್ಟಿದರು.

ಈಗ ಬರೆಯುವಾಗ ಸುಳ್ಳು ಹೇಳಿ ಏನು ಪ್ರಯೋಜನ? ಕಬ್ಬಿಣದ ಮನುಷ್ಯನಿಗೆ ಪ್ಲಾಸ್ಟಿಕ್ಕಿನ ವಿಷಯ ಗೊತ್ತಿರಲು ಸಾಧ್ಯವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ದಿನವೇ ಗೊತ್ತಿತ್ತು, ಸೋಪು ಹಾಕಿ ತೊಳೆಯುವಾಗಲೇ. ಗೊತ್ತಿದ್ದೇ ಹೇಳಿದೆ. ಎಲ್ಲಿ ಹೊಡೆದರೆ ಅವರಿಗೆ ತಾಗುತ್ತದೆ ಎಂದು ಮೂರು ವರ್ಷ ನೋಡಿಟ್ಟುಕೊಂಡಿದ್ದೆ, ಆ ನಾಲ್ವರ ಎದುರಿಗೇ ಹೊಡೆದೆ. ಆ ಕ್ಷಣಕ್ಕೆ ಖುಷಿಯೂ ಆಯಿತು.

ಆಮೇಲೆ ಆ ನಾಲ್ವರು ನಮ್ಮ ಮನೆಗೆ ಬರಲಿಲ್ಲ. ಮಾವನೂ ಅವರ ಕಡೆ ಹೋಗಲಿಲ್ಲ. ಮುಂದಿನ ಹಬ್ಬಕ್ಕೆ ಮಾವ ಸೀಮೆಎಣ್ಣೆ ತರಲಿಲ್ಲ, ಪೇಪರ್ ಹಾಸಲಿಲ್ಲ. ಸ್ಕೂಟರಿಗೆ ಗಂಡನೇ ಕುಂಕುಮ ಇಟ್ಟ. ಸ್ಪ್ಯಾನರುಗಳನ್ನು, ವೈಸನ್ನು ಬೀದಿಕೊನೆಯ ಗ್ಯಾರೇಜಿನವನಿಗೆ ಕೊಟ್ಟುಬಿಟ್ಟರು. "ಒಂದ್ ಮಾತು ತಪ್ಪಾಯ್ತು ಅನ್ನೇ, ಗಂಟೇನು ಹೋಗತ್ತೆ ನಿಂದು," ಎಂದು ಗಂಡ ಎಷ್ಟೋ ಸಲ ಅಂದ. ಮುರಿದದ್ದು ಯಾರ ಸಾಮಾನು ಎಂದು ಅವನ ಬಾಯಿ ಮುಚ್ಚಿಸುತ್ತಿದ್ದೆ. ಹಠ ನನ್ನದು, ಬಿಡಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಅವರೆಕಾಯಿ ಕಾಲ. ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು, ಅತ್ತೆ ಮತ್ತು ಗಂಡ ನಂಟರ ಮನೆಗೆ ಹೋಗಿದ್ದರು. ಜಗಲಿಯಲ್ಲಿ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದೆ. ಮಾವ ಬಂದು ಎದುರಿಗೆ ಕೂತು ತಾವೂ ಸುಲಿಯತೊಡಗಿದರು. ಮೊರದಲ್ಲಿ ಕಾಳು ಅರ್ಧ ತುಂಬಿದ ಮೇಲೆ ತಲೆ ಎತ್ತದೆಯೇ ಕೇಳಿದರು.

"ಅವತ್ತು ನಾನು ಬೇಕಂತ ಮಾಡಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಸಿಟ್ಟಿನಲ್ಲಿ ತಿಳಿಯದೆ ಅಂದೆ ಎಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

"ಗೊತ್ತಿತ್ತು ಮಾವ," ಎಂದೆ.

ಅವರು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು.

"ಹಂಗಾದ್ರೆ ಬೇಕಂತ ಮಾಡ್ದೋಳು ನೀನು."

"ಹೌದು," ಎಂದೆ.

ಮಾವ ಮೊರವನ್ನು ನನ್ನ ಕಡೆಗೆ ತಳ್ಳಿ, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಉಳಿದ ಕಾಯಿ ನಾನೊಬ್ಬಳೇ ಸುಲಿದೆ.